ಕೆಂಪು ರಟ್ಟಿನೊಳಗಿನ ಹಸುರು

ನಮ್ಮ ಊರಿನ ವಾಚನಾಲಯದ ಕನ್ನಡ ಕಪಾಟಿನಲ್ಲಿರುವ ಹಳೆಯ ಪುಸ್ತಕಗಳೆಲ್ಲ ಒಂದೇ ಬಣ್ಣದವು. ಕಾಸರಗೋಡಿನ ಮಳೆಗಾಲದ ತೇವವನ್ನೂ ಗೆದ್ದಲನ್ನೂ ಅವು ತಾಳಿಕೊಳ್ಳಬೇಕೆಂದು ಹರಿದವುಗಳನ್ನು ಆಗಾಗ ಬೈಂಡಿಂಗಿಗೆ ಕೊಡುವುದು ನಮ್ಮಲ್ಲಿ ರೂಢಿ. ಬೈಂಡಿಂಗಿನವರು ಮೂಲದ ಮುಖಪುಟವನ್ನು ಕಿತ್ತು, ದಪ್ಪ ರಟ್ಟು ಕೂರಿಸಿ, ತಮ್ಮಲ್ಲಿ ಯಾವಾಗಲೂ ದಾಸ್ತಾನಿರುವ ಕಂದುಗೆಂಪು ಬಟ್ಟೆಯನ್ನೇ ಅದಕ್ಕೆ ಅಂಟಿಸಿ, ಬೆನ್ನಿನ ಮೇಲೆ ಬಿಳಿ ಶಾಯಿಯಲ್ಲಿ ಹೆಸರು ಬರೆದು ಕಳುಹಿಸುತ್ತಾರೆ. ಕಾದಂಬರಿ, ಕವನ, ಪಂಚಾಂಗದ ವಿವರಣೆ, ತೆಂಗಿನ ರೋಗಗಳ ಕೈಪಿಡಿ, ಎಲ್ಲಕ್ಕೂ ಅದೇ ಅಂಗಿ.

ಮದುವೆಯಾಗಿ ಸುಳ್ಯದ ಕಡೆಗೆ ಹೋದ ಹಳೆಯ ಓದುಗರೊಬ್ಬರು ಕಳೆದ ಜೂನ್ ತಿಂಗಳಿನಲ್ಲಿ ತವರಿಗೆ ಬಂದವರು ಒಳಗೆ ಇಣುಕಿ, "ಮಾಷ್ಟ್ರೇ, ಮೊದಲು ಇಲ್ಲಿ ಒಂದು ಹಸುರು ಪುಸ್ತಕ ಇತ್ತಲ್ಲ, ಅದು ಉಂಟಾ?" ಎಂದು ಕೇಳಿದರು. ಹೆಸರು ನೆನಪಿಲ್ಲ, ಬರೆದವರು ಯಾರೆಂದು ಗೊತ್ತಿಲ್ಲ, ಹಸುರು ಎಂಬುದೊಂದೇ ಗುರುತು. ನಾನು ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ತೆಗೆದುಕೊಟ್ಟೆ. ಅವರು ಕಂದುಗೆಂಪು ರಟ್ಟನ್ನು ತಿರುಗಿಸಿ ನೋಡಿ ನಕ್ಕು, "ಇದು ಹೆಸರು ಮಾತ್ರ ಹಸುರು" ಎಂದು ಹಿಂದಿರುಗಿಸಿದರು. ಅವರು ಹುಡುಕುತ್ತಿದ್ದುದು ಯಾವುದೆಂದು ಇಂದಿಗೂ ತಿಳಿದಿಲ್ಲ. ಆದರೆ ಆ ಮಾತು ನನ್ನ ತಲೆಯಲ್ಲಿ ಕುಳಿತಿತು. ಕೇರಳದ ಗ್ರಂಥಾಲಯ ಚಳುವಳಿಯ ಪಿ. ಎನ್. ಪಣಿಕ್ಕರ್ ಅವರು ತೀರಿಕೊಂಡ ಜೂನ್ 19ನ್ನು ಇಲ್ಲಿ ವಾಚನ ದಿನವಾಗಿ ಆಚರಿಸುತ್ತಾರೆ. ಆ ದಿನಕ್ಕೆ ಏನಾದರೂ ಪ್ರದರ್ಶನ ಮಾಡಬೇಕೆಂದು ಸಮಿತಿಯವರು ಮೊದಲೇ ಹೇಳಿದ್ದರು. ಹೆಸರು ಮಾತ್ರ ಹಸುರಾದ, ಹೆಸರು ಮಾತ್ರ ಕೆಂಪಾದ, ಹೆಸರು ಮಾತ್ರ ಕಪ್ಪಾದ ಪುಸ್ತಕಗಳನ್ನೂ ಪದ್ಯಗಳನ್ನೂ ಒಂದು ಅಡ್ಡಹಲಗೆಯ ಮೇಲೆ ಸಾಲಾಗಿ ಇಡೋಣ ಎಂದುಕೊಂಡೆ. ಹಾಕಿಕೊಂಡ ನಿಯಮ ಒಂದೇ: ಬಣ್ಣದ ಪದ ಶೀರ್ಷಿಕೆಯಲ್ಲಿಯೇ ಇರಬೇಕು. ಈ ಸರಳ ನಿಯಮ ನನ್ನನ್ನು ಎರಡು ವಾರ ಸತಾಯಿಸಿತು.

'ಹಸುರು ಹೊನ್ನು' ಎಂಬ ಹೆಸರಿನಿಂದಲೇ ಆರಂಭಿಸುತ್ತೇನೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿನಲ್ಲಿ ಗಿಡ ಹುಡುಕುತ್ತಾ ಅಲೆದ ಕಥನವದು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಶೀರ್ಷಿಕೆಯಲ್ಲಿ ಎರಡು ಬಣ್ಣಗಳಿವೆ, ಏಕೆಂದರೆ ಹೊನ್ನು ಎಂಬುದು ಲೋಹವೂ ಹೌದು, ಬಣ್ಣವೂ ಹೌದು. ಆದರೆ ಅಕ್ಕಪಕ್ಕ ಕುಳಿತ ಕೂಡಲೇ ಹಸುರು ಹೊನ್ನಿನ ಬಣ್ಣವನ್ನು ಕಸಿದುಕೊಂಡು ಬೆಲೆಯನ್ನಷ್ಟೇ ಉಳಿಸುತ್ತದೆ. ಒಳಗಿನ ಚಿತ್ರಗಳನ್ನು ಸ್ವಾಮಿಯವರೇ ಬರೆದಿದ್ದಾರೆ. ಅವು ರೇಖಾಚಿತ್ರಗಳು, ರೇಖೆಗೆ ಹಸುರಿಲ್ಲ. ಹೀಗೆ ಈ ಪುಸ್ತಕದಲ್ಲಿ ಹಸುರು ಕಣ್ಣಿಗೆ ಬೀಳುವ ಜಾಗ ಶೀರ್ಷಿಕೆಯೊಂದೇ, ಅದೂ ಅಕ್ಷರವಾಗಿ. ಸುಳ್ಯದವರು ನಕ್ಕದ್ದು ತಪ್ಪಲ್ಲ. ಆದರೆ 'ಹೆಸರು ಮಾತ್ರ' ಎಂಬಲ್ಲಿಯ 'ಮಾತ್ರ' ನನಗೆ ಒಪ್ಪಿಗೆಯಾಗಲಿಲ್ಲ.

ಒಪ್ಪಿಗೆಯಾಗದಿದ್ದುದಕ್ಕೆ ಕುವೆಂಪು ಕಾರಣ. ಅವರ 'ಹಸುರು' ಎಂಬ ಕವಿತೆಯನ್ನು ನಾನು ತರಗತಿಯಲ್ಲಿ ಹಲವು ವರ್ಷ ಓದಿಸಿದ್ದೇನೆ. ನವರಾತ್ರಿಯ ಹೊತ್ತಿನ ಮಲೆನಾಡು. ಗಿಳಿಯ ಎದೆಯ ಬಣ್ಣದ ಬತ್ತದ ಗದ್ದೆ, ಅದರ ಅಂಚಿಗೆ ಅಡಕೆಯ ತೋಟ. ಇಲ್ಲಿಯವರೆಗೆ ನಮ್ಮ ಹುಡುಗರಿಗೆ ಯಾವ ತೊಡಕೂ ಇಲ್ಲ, ಬದಿಯಡ್ಕದ ಕಡೆಗೂ ಪೆರ್ಲದ ಕಡೆಗೂ ಶಾಲೆಯ ಕಿಟಕಿಯ ಹೊರಗೆ ಕಾಣುವುದೂ ಅದೇ. ತೊಡಕು ಆಮೇಲೆ ಬರುತ್ತದೆ: ಹೂವಿನ ಕಂಪು ಹಸುರು, ಗಾಳಿಯ ತಂಪು ಹಸುರು, ಹಕ್ಕಿಯ ಕೊರಲಿನ ಇಂಪು ಹಸುರು. ವಾಸನೆಗೆ ಬಣ್ಣವಿರುವುದು ಹೇಗೆ ಎಂದು ಪ್ರತಿವರ್ಷವೂ ಒಬ್ಬರಾದರೂ ಕೇಳುತ್ತಿದ್ದರು, ಕೇಳದ ವರ್ಷ ನನಗೆ ಬೇಸರವಾಗುತ್ತಿತ್ತು. ಕೊನೆಗೆ ಕವಿಯ ಒಡಲಿನ ನೆತ್ತರೂ ಹಸುರಾಗುತ್ತದೆ. ಕೆಂಪಾಗಿರಲೇಬೇಕಾದ ಒಂದು ವಸ್ತುವನ್ನು ಹಸುರೆಂದು ಕರೆಯುವ ಧೈರ್ಯ ಬರುವುದು ಕಣ್ಣಿನಿಂದಲ್ಲ, ಆ ಪದವನ್ನು ಮತ್ತೆ ಮತ್ತೆ ಉಚ್ಚರಿಸಿ ಉಚ್ಚರಿಸಿ ಅದು ಬಾಯಲ್ಲಿ ಹಣ್ಣಾಗುವುದರಿಂದ. ಕವಿತೆ ಮುಗಿಯುವಾಗ ಹಸುರು ಎಂಬ ಶೀರ್ಷಿಕೆ ಬಣ್ಣದ ಹೆಸರಾಗಿ ಉಳಿದಿರುವುದಿಲ್ಲ.

ಹಸುರಿನ ಸಾಲಿಗೆ ಗೋವಿಂದ ಪೈಗಳ 'ಗಿಳಿವಿಂಡು' ಸೇರಬೇಕೆಂದು ಸಮಿತಿಯವರೊಬ್ಬರು ವಾದ ಹೂಡಿದರು. 1930ರ ಆ ಸಂಕಲನ ನಮ್ಮ ಮಂಜೇಶ್ವರದ್ದು, ಕವಿಯ ಮನೆಯಲ್ಲಿ ಎದ್ದ ಸ್ಮಾರಕಕ್ಕೂ ಅದೇ ಹೆಸರು, ಗಿಳಿಗಳ ಹಿಂಡಿಗಿಂತ ಹಸುರು ಬೇರೆ ಯಾವುದಿದೆ ಎಂಬುದು ಅವರ ಪ್ರಶ್ನೆ. ಬಣ್ಣದ ಪದವಿಲ್ಲ ಎಂಬುದು ನನ್ನ ಉತ್ತರ. ಊರಿನ ಅಭಿಮಾನಕ್ಕೆ ನಿಯಮ ಸಡಿಲಿಸಿದರೆ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯನ್ನು ಬಿಳಿಯಲ್ಲಿಯೂ ಇಡಬೇಕಾಗುತ್ತದೆ. ಅವರು ಎರಡು ದಿನ ಮಾತು ಬಿಟ್ಟರು.

ಕೆಂಪಿನಲ್ಲಿ ನಾನು ನಿಲ್ಲಬೇಕೆಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಅದಕ್ಕೆ ಕಾರಣ ನಮ್ಮ ಕಾಲಡಿಯ ನೆಲ. ಇಲ್ಲಿ ಮನೆ ಕಟ್ಟುವುದು ಮುರಕಲ್ಲೆಂಬ ಕೆಂಪು ಕಲ್ಲಿನಿಂದ, ಮೊದಲ ಮಳೆಗೆ ಗುಡ್ಡದಿಂದ ಇಳಿಯುವ ನೀರು ಕೆಂಪು, ಅಂಗಳದಲ್ಲಿ ಆಡಿದ ಮಕ್ಕಳ ಚಡ್ಡಿಯ ಕಲೆ ಎಷ್ಟು ಒಗೆದರೂ ಹೋಗದು. ಈ ಮಣ್ಣನ್ನು ನಾವು ಕೆಮ್ಮಣ್ಣು ಎನ್ನುತ್ತೇವೆ. ಹಿಂದಿನಿಂದಲೂ ತುಳುನಾಡಿಗೂ ಮಲೆಯಾಳಕ್ಕೂ ಗಡಿಯೆನಿಸಿದ ಚಂದ್ರಗಿರಿ ಹೊಳೆಯನ್ನು ದಾಟಿದರೆ ಅದೇ ಮಣ್ಣು ಚೆಮ್ಮಣ್ಣ್ ಆಗುತ್ತದೆ, ಅದೇ ಕಲ್ಲು ಚೆಂಗಲ್ಲ್ ಆಗುತ್ತದೆ. ಕನ್ನಡ ಉಳಿಸಿಕೊಂಡ ಕಕಾರವನ್ನು ತಮಿಳೂ ಮಲೆಯಾಳವೂ ಇಂಥ ಕಡೆ ಚಕಾರ ಮಾಡಿಕೊಂಡವು. ನಮ್ಮ ಕಿವಿ ಅವರಿಗೆ ಚೆವಿಯಾದದ್ದೂ ಹೀಗೆಯೇ. ಒಂದು ಬಣ್ಣ, ಒಂದು ಬೇರು, ನಡುವೆ ಒಂದು ಹೊಳೆ.

ಈ ಬೇರನ್ನು ಹಿಡಿದುಕೊಂಡು ಹೋದರೆ ಸಂಗಂ ಕಾಲದ ಪ್ರಾಚೀನ ತಮಿಳು ಸಂಕಲನ 'ಕುರುಂತೊಗೈ'ಯ 40ನೆಯ ಪದ್ಯ ಸಿಗುತ್ತದೆ. ನನ್ನ ತಾಯಿಗೂ ನಿನ್ನ ತಾಯಿಗೂ ಏನು ಸಂಬಂಧ, ನನ್ನ ತಂದೆಗೂ ನಿನ್ನ ತಂದೆಗೂ ಎಲ್ಲಿಯ ನಂಟು, ನೀನೂ ನಾನೂ ಒಬ್ಬರನ್ನೊಬ್ಬರು ಅರಿತದ್ದಾದರೂ ಹೇಗೆ ಎಂದು ಕೇಳುವ ಪ್ರೇಮಿ, ಕೆಂಪು ನೆಲದ ಮೇಲೆ ಬಿದ್ದ ಮಳೆನೀರಿನಂತೆ ನಮ್ಮ ಎದೆಗಳು ಬೆರೆತುಹೋದವು ಎನ್ನುತ್ತಾನೆ. ಬರೆದವನ ನಿಜವಾದ ಹೆಸರು ಉಳಿದಿಲ್ಲ. ಆ ಉಪಮೆಯೇ ಅವನ ಹೆಸರಾಗಿ ಅವನು ಸೆಂಬುಲಪ್ಪೆಯನೀರಾರ್ ಆದ. ಪುಸ್ತಕದ ತಲೆಯ ಮೇಲೆ ಬಣ್ಣ ಕುಳಿತದ್ದನ್ನು ಬೇಕಾದಷ್ಟು ನೋಡಿದ್ದೇವೆ, ಇಲ್ಲಿ ಕವಿಯ ತಲೆಯ ಮೇಲೆಯೇ ಕುಳಿತಿದೆ. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಇದನ್ನು ಇಂಗ್ಲಿಷಿಗೆ ತಂದರು, ಆ ಅನುವಾದದ ಸಾಲಿನಿಂದ ವಿಕ್ರಮ್ ಚಂದ್ರ ತಮ್ಮ 1995ರ ಕಾದಂಬರಿಗೆ 'ರೆಡ್ ಅರ್ಥ್ ಆ್ಯಂಡ್ ಪೋರಿಂಗ್ ರೈನ್' ಎಂಬ ಹೆಸರನ್ನು ಎತ್ತಿಕೊಂಡರು. ತಮಿಳಿನ ಪದ್ಯದಿಂದ ಕವಿಯ ಹೆಸರಿಗೆ, ಕನ್ನಡಿಗನ ಇಂಗ್ಲಿಷಿಗೆ, ಅಲ್ಲಿಂದ ಕಾದಂಬರಿಯ ಬೆನ್ನಿಗೆ ಆ ಕೆಂಪು ಇಷ್ಟು ದೂರ ನಡೆದುಬಂದರೂ ಅದರ ಮಣ್ಣು ಒಣಗಿಲ್ಲ.

ಹಳಗನ್ನಡದಲ್ಲಿ ಕೆನ್ನೀರು ಎಂಬ ಪದವೊಂದಿದೆ. ಕೆಂಪಾದ ನೀರು, ಅರ್ಥ ರಕ್ತ. ಕೆಂಪು ನೀರನ್ನು ಕಂಡು ತಮಿಳಿನ ಕವಿ ಪ್ರೀತಿಯನ್ನು ನೆನೆದ, ಕನ್ನಡದ ಪದಕಾರ ಯುದ್ಧವನ್ನು ನೆನೆದ. ಕೆಂಪಿನ ಶೀರ್ಷಿಕೆಗಳೆಲ್ಲ ಈ ಎರಡರ ನಡುವೆ ಎಲ್ಲಿಯೋ ನಿಲ್ಲುತ್ತವೆ ಎಂದು ನನಗೆ ತೋರುತ್ತದೆ. ರವೀಂದ್ರನಾಥ ಠಾಕೂರರ ನಾಟಕ 'ರಕ್ತಕರಬಿ' ಎರಡನ್ನೂ ಒಂದೇ ಹೂವಿನಲ್ಲಿ ಇಟ್ಟಿದೆ: ನೆಲವನ್ನು ಅಗೆದು ಚಿನ್ನ ತೆಗೆಯುವ ಯಕ್ಷಪುರಿಯಲ್ಲಿ ನಂದಿನಿ ಮುಡಿಯುವ ಕೆಂಪು ಕಣಗಿಲೆ ಅದು, ಅವಳ ಒಲವಿನ ಗುರುತೂ ಹೌದು, ಬರಲಿರುವ ಸಾವಿನ ಗುರುತೂ ಹೌದು. ಫ್ರೆಂಚ್ ಲೇಖಕ ಸ್ಟಾಂಡಾಲ್ 1830ರಲ್ಲಿ ತನ್ನ ಕಾದಂಬರಿಗೆ 'ಕೆಂಪು ಮತ್ತು ಕಪ್ಪು' ಎಂದು ಹೆಸರಿಟ್ಟನು. ಕೆಂಪು ಸೈನಿಕನ ಉಡುಪು, ಕಪ್ಪು ಪಾದ್ರಿಯ ನಿಲುವಂಗಿ, ಬಡವರ ಮನೆಯ ಮಹತ್ವಾಕಾಂಕ್ಷಿ ಹುಡುಗ ಜುಲಿಯೆನ್ ಸೊರೆಲ್‌ನಿಗೆ ಮೇಲೇರಲು ಇದ್ದ ಎರಡೇ ಏಣಿಗಳು ಎಂಬುದು ಹೆಚ್ಚಿನವರ ವಿವರಣೆ. ಜೂಜಿನ ಚಕ್ರದ ಎರಡು ಬಣ್ಣಗಳೆಂದು ಹೇಳುವವರೂ ಇದ್ದಾರೆ. ಬಣ್ಣ ಮಾತ್ರ ಹೇಳಿ ವಸ್ತುವನ್ನು ಹೇಳದೆ ಬಿಟ್ಟದ್ದರಿಂದಲೇ ಆ ಶೀರ್ಷಿಕೆ ಸುಮಾರು ಇನ್ನೂರು ವರ್ಷ ಓದುಗರನ್ನು ದುಡಿಸಿಕೊಳ್ಳುತ್ತಿದೆ. ಕನ್ನಡಕ್ಕೆ ಬಂದಾಗ ಅದಕ್ಕೆ ಕೆಂಪು, ಕಪ್ಪು ಎಂಬ ಪ್ರಾಸದ ಲಾಭ ಬೇರೆ.

ನಿಯಮದ ಕ್ರೌರ್ಯ ನನಗೆ ಹೆಚ್ಚು ತಟ್ಟಿದ್ದು ನಿರಂಜನರ 'ಚಿರಸ್ಮರಣೆ'ಯಲ್ಲಿ. ಇದೇ ಜಿಲ್ಲೆಯ ಕಯ್ಯೂರಿನಲ್ಲಿ 1941ರಲ್ಲಿ ಎದ್ದ ರೈತರ ಹೋರಾಟ, ಅದಕ್ಕಾಗಿ 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದ ನಾಲ್ವರು, ಇವರ ಕಥೆಯನ್ನು ಹೇಳುವ ಈ 1955ರ ಕಾದಂಬರಿಗಿಂತ ಕೆಂಪಾದ ಪುಸ್ತಕ ನಮ್ಮ ಕಪಾಟಿನಲ್ಲಿಲ್ಲ. ಆದರೆ ಹೆಸರಿನಲ್ಲಿ ಕೆಂಪಿಲ್ಲ. ನಿರಂಜನರು ಶಾಲೆ ಓದಿದ ಊರಿನ ಹೆಸರಿನಲ್ಲಿಯಾದರೂ ಬಣ್ಣವಿದೆ, ಅದೂ ಕೆಂಪಲ್ಲ: ನೀಲೇಶ್ವರ. ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಮೇಜಿನ ಮೇಲೆ ಬದಿಗಿಟ್ಟೆ.

ಕಪ್ಪಿನ ಸಾಲಿಗೆ ಮೊದಲು ಬಂದದ್ದು ಸಿದ್ಧಲಿಂಗಯ್ಯನವರ 'ಕಪ್ಪು ಕಾಡಿನ ಹಾಡು' ಮತ್ತು ಚಂದ್ರಶೇಖರ ಕಂಬಾರರ 'ಕರಿಮಾಯಿ'. ಒಂದು ಕಪ್ಪು, ಇನ್ನೊಂದು ಕರಿ. ಎರಡೂ ಒಂದೇ ಎಂದು ನಿಘಂಟು ಹೇಳಬಹುದು, ನಾಲಗೆ ಹೇಳುವುದಿಲ್ಲ. ಕರಿಮಣಿ, ಕರಿಮೆಣಸು, ಕರಿಯಮ್ಮ ಎಂಬಲ್ಲಿ ಕರಿ ಮನೆಯೊಳಗಿನದು, ಮೈಗೆ ಅಂಟಿದ್ದು, ದೇವರ ಹೆಸರಿಗೂ ಬರುವಂಥದು. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರು ಊರದೇವಿಗೆ ಇಟ್ಟ ಹೆಸರಿನಲ್ಲಿ ಆ ಸಲಿಗೆಯೂ ಭಯವೂ ಸೇರಿವೆ. ಸಿದ್ಧಲಿಂಗಯ್ಯನವರ ಕಪ್ಪು ಬೀದಿಗೆ ಬಂದು ನಿಂತದ್ದು. ಯಾವ ಬಣ್ಣದ ಹೆಸರಿನಲ್ಲಿ ಜನರನ್ನು ಹೀಯಾಳಿಸಲಾಯಿತೋ ಅದೇ ಬಣ್ಣವನ್ನು ಶೀರ್ಷಿಕೆಯ ಮೊದಲ ಪದವಾಗಿ ನಿಲ್ಲಿಸಿದ ದಲಿತ ಕಾವ್ಯ ಅದು. 'ಕರಿಕಾಡಿನ ಹಾಡು' ಎಂದಿದ್ದರೆ ಅದು ಜನಪದ ಗೀತೆಯಂತೆ ಕೇಳಿಸುತ್ತಿತ್ತು ಎಂಬುದು ನನ್ನ ಅನಿಸಿಕೆ.

ಇಲ್ಲಿ ಒಂದು ಅಡ್ಡಮಾತು. ಕರ್ನಾಟಕ ಎಂಬ ಹೆಸರೇ ಕರಿಯ ಮಣ್ಣಿನ ನಾಡು ಎಂಬುದರಿಂದ ಬಂತು ಎಂದು ಹೇಳುವ ಒಂದು ವ್ಯುತ್ಪತ್ತಿಯಿದೆ. ಅದನ್ನು ಒಪ್ಪುವುದಾದರೆ ಕುಮಾರವ್ಯಾಸನ 'ಕರ್ಣಾಟ ಭಾರತ ಕಥಾಮಂಜರಿ'ಯೂ ಬಣ್ಣದ ಶೀರ್ಷಿಕೆಯೇ ಆಗುತ್ತದೆ. 1956ರ ನವೆಂಬರ್ 1ರಂದು ಆ ಕರಿಯ ನಾಡಿನ ಗೆರೆಯ ಹೊರಗೆ, ಕೇರಳದಲ್ಲಿ ಉಳಿದು, ಕೆಮ್ಮಣ್ಣಿನ ಮೇಲೆ ಕುಳಿತು ಕನ್ನಡ ಓದುವ ನಮಗೆ ಈ ವ್ಯುತ್ಪತ್ತಿಯನ್ನು ಕೇಳುವಾಗ ಒಂದು ಸಣ್ಣ ನಗೆ ಬರುವುದುಂಟು.

ಬಿಳಿಯನ್ನು ಹುಡುಕುವಾಗ ಯಕ್ಷಗಾನ ಪ್ರಸಂಗಗಳ ಕಟ್ಟು ಕೈಗೆ ಬಂತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದು ಸಹಜ. 'ಶ್ವೇತಕುಮಾರ ಚರಿತ್ರೆ' ನೇರವಾಗಿಯೇ ಬಿಳಿಯ ಸಾಲಿಗೆ ಸೇರಿತು. ಅದರ ಕೆಳಗೆ 'ಕೃಷ್ಣಾರ್ಜುನ ಕಾಳಗ' ಇತ್ತು. ವೇಷ ಕಟ್ಟುವ ಚೌಕಿಯಲ್ಲಿ ಅರದಳ, ಇಂಗಳೀಕ ಎಂಬ ಬಣ್ಣಗಳನ್ನು ಕಲಸುವುದನ್ನು ನೋಡುತ್ತಾ ಬೆಳೆದವನು ನಾನು, ಈ ಆಟವನ್ನು ಲೆಕ್ಕವಿಲ್ಲದಷ್ಟು ಬಾರಿ ನೋಡಿದ್ದೇನೆ, ಆದರೂ ಆ ದಿನದವರೆಗೆ ಹೊಳೆದಿರಲಿಲ್ಲ: ಕೃಷ್ಣ ಎಂದರೆ ಕಪ್ಪು, ಅರ್ಜುನ ಎಂದರೆ ಬಿಳುಪು. ಋಗ್ವೇದದ ಆರನೆಯ ಮಂಡಲದ ಒಂದು ಸೂಕ್ತ ಕೃಷ್ಣವಾದ ಹಗಲು, ಅರ್ಜುನವಾದ ಹಗಲು ಎಂದು ಇರುಳು ಹಗಲುಗಳನ್ನು ಈ ಎರಡು ಪದಗಳಿಂದಲೇ ಕರೆಯುತ್ತದೆ. ಹಾಗಾದರೆ ಗೆಳೆಯರಿಬ್ಬರ ಮುನಿಸಿನ ಈ ಪ್ರಸಂಗದ ಹೆಸರು ಅಕ್ಷರಶಃ ಕಪ್ಪುಬಿಳುಪಿನ ಕಾಳಗ. ರಂಗದ ಮೇಲೆ ಎರಡು ವೇಷಗಳೂ ಹೊಳೆಯುವ ಬಣ್ಣಗಳಲ್ಲಿ ಕುಣಿಯುತ್ತವೆ. ಬಣ್ಣದ ವೇಷ ಎಂಬ ಹೆಸರನ್ನಂತೂ ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನಲ್ಲಿ ಮುಖಕ್ಕೆ ಹಿಟ್ಟಿನ ಚುಟ್ಟಿ ಇಟ್ಟುಕೊಳ್ಳುವ ರಕ್ಕಸರಿಗೇ ಮೀಸಲಿಡಲಾಗಿದೆ. ಪ್ರಸಂಗವನ್ನು ಕಪ್ಪಿನಲ್ಲಿ ಇಡುವುದೋ ಬಿಳಿಯಲ್ಲಿ ಇಡುವುದೋ ತಿಳಿಯದೆ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಅಡ್ಡವಾಗಿ ಮಲಗಿಸಿದೆ.

ಆ ಸಂದಿ ನನ್ನನ್ನು ಬಣ್ಣ ಎಂಬ ಪದದ ಬಳಿಗೇ ಒಯ್ದಿತು. ಬಣ್ಣ ಸಂಸ್ಕೃತದ ವರ್ಣದಿಂದ ಬಂದದ್ದು. ವರ್ಣವೆಂದರೆ ಬಣ್ಣ, ವರ್ಣವೆಂದರೆ ಅಕ್ಷರ. ಒಂದನೆಯ ತರಗತಿಯ ಗೋಡೆಯಲ್ಲಿ ತೂಗುಹಾಕುವುದು ವರ್ಣಮಾಲೆ. ಬಣ್ಣಿಸುವುದು ಎಂದರೆ ಬಣ್ಣ ಬಳಿಯುವುದಲ್ಲ, ಮಾತಿನಲ್ಲಿ ಹೇಳುವುದು. ಕನ್ನಡದವರ ಮಟ್ಟಿಗೆ ಅಕ್ಷರಕ್ಕೆ ಬಣ್ಣವಿರುವುದು ಕವಿಸಮಯವೇನೂ ಅಲ್ಲ, ನಿಘಂಟಿನ ಅರ್ಥ. ಹತ್ತೊಂಬತ್ತನೆಯ ಶತಮಾನದ ಇಬ್ಬರು ದೂರದ ಲೇಖಕರು ಇದೇ ಜಾಗಕ್ಕೆ ಬೇರೆ ದಾರಿಯಿಂದ ಬಂದರು. ರ‍್ಯಾಂಬೊ ಎಂಬ ಹದಿಹರೆಯದ ಫ್ರೆಂಚ್ ಕವಿ 'ಸ್ವರಗಳು' ಎಂಬ ಪದ್ಯದಲ್ಲಿ ಅ ಕಪ್ಪು, ಎ ಬಿಳಿ, ಇ ಕೆಂಪು, ಉ ಹಸುರು, ಓ ನೀಲಿ ಎಂದು ಹಂಚಿಬಿಟ್ಟನು. ಅಮೆರಿಕದ ಕಾದಂಬರಿಕಾರ ಹಾಥಾರ್ನ್ 1850ರಲ್ಲಿ 'ಸ್ಕಾರ್ಲೆಟ್ ಲೆಟರ್' ಬರೆದನು. ಶೀರ್ಷಿಕೆಯಲ್ಲಿ ಒಂದು ಕೆಂಪು, ಒಂದು ಅಕ್ಷರ. ವ್ಯಭಿಚಾರದ ಶಿಕ್ಷೆಯೆಂದು ಹೆಸ್ಟರ್ ಎಂಬ ಹೆಂಗಸು ಎದೆಯ ಮೇಲೆ ಧರಿಸಬೇಕಾದ ಇಂಗ್ಲಿಷಿನ ಮೊದಲ ಅಕ್ಷರವನ್ನು ಅವಳು ತಾನೇ ಚೆಂದವಾಗಿ ಕಸೂತಿ ಹಾಕಿ ತೊಡುತ್ತಾಳೆ. ವರ್ಷಗಳು ಕಳೆದಂತೆ ಊರಿನವರು ಆ ಅಕ್ಷರಕ್ಕೆ ಏಬಲ್, ಅಂದರೆ ಸಮರ್ಥೆ ಎಂಬ ಅರ್ಥ ಹಚ್ಚತೊಡಗುತ್ತಾರೆ. ಅಕ್ಷರದ ಅರ್ಥ ಬದಲಾಯಿತು, ಕೆಂಪು ಬದಲಾಗಲಿಲ್ಲ.

ವರ್ಣದ ಹಾಗೆಯೇ ರಾಗ. ಅದು ಹಾಡಿನ ಧಾಟಿ, ಅನುರಾಗ, ಜೊತೆಗೆ ಕೆಂಪು ಬಣ್ಣ. ಪಂಜೆ ಮಂಗೇಶರಾಯರ 'ಉದಯರಾಗ'ವನ್ನು ಹಾಡದೆ ಕರಾವಳಿಯಲ್ಲಿ ಯಾರೂ ಪ್ರಾಥಮಿಕ ಶಾಲೆ ಮುಗಿಸಿರಲಿಕ್ಕಿಲ್ಲ, ಆದರೆ ಆ ಶೀರ್ಷಿಕೆಯ ರಾಗದಲ್ಲಿ ಬೆಳಗಿನ ಕೆಂಪೂ ಅಡಗಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಪದ್ಯದೊಳಗೆ ಸೂರ್ಯನು ಮೂಡಣದ ರಂಗಸ್ಥಳದಲ್ಲಿ ನೆತ್ತರು ಮಾಡಿ ಕುಣಿಯುವ ವೇಷಧಾರಿ. ಇದು ಯಕ್ಷಗಾನ ನೋಡಿ ಬೆಳಗು ಮಾಡಿದವನೊಬ್ಬನ ಬೆಳಗು. ಧಾರವಾಡದ ಬೇಂದ್ರೆಯವರ 'ಬೆಳಗು' ಇನ್ನೊಂದು ಬಣ್ಣದ್ದು, ಮುತ್ತಿನ ನೀರಿನದು. ಬೆಳಗು, ಬೆಳಕು, ಬೆಳ್ಳಿ, ಬೆಳ್ಳಕ್ಕಿ, ಬಿಳಿ ಎಲ್ಲವೂ ಒಂದೇ ಒಕ್ಕಲಿನವು, ಆದ್ದರಿಂದ ಈ ಪದ್ಯವನ್ನೂ ತ್ರಿವೇಣಿಯವರ 'ಬೆಳ್ಳಿಮೋಡ'ವನ್ನೂ ನಿಸ್ಸಂಕೋಚವಾಗಿ ಬಿಳಿಯಲ್ಲಿಟ್ಟೆ. ಬೇಂದ್ರೆಯವರು ಪದ್ಯ ಮುಗಿಸುವಾಗ ಆ ಬಣ್ಣ ಕಣ್ಣಿಗೆ ಕಾಣುವಂಥದಲ್ಲ ಎಂದು ಹೇಳಿಬಿಡುತ್ತಾರೆ. ಬಣ್ಣವನ್ನು ಹೆಸರಿಸಿ, ಅದು ಕಾಣದು ಎಂದು ಒಪ್ಪಿಕೊಳ್ಳುವ ಈ ಪದ್ಯವನ್ನು ಸುಳ್ಯದವರಿಗೆ ಓದಿ ಹೇಳಬೇಕಿತ್ತು.

ಹಳದಿಯ ಕಥೆ ಚಿಕ್ಕದು, ಸ್ವಲ್ಪ ನಗೆಯದು. ಮಲೆಯಾಳದ ಕಪಾಟಿನಿಂದ ಬಣ್ಣದ ಪುಸ್ತಕ ಹುಡುಕಿಕೊಡಲು ಬಂದ ಹೈಸ್ಕೂಲಿನ ಹುಡುಗಿ ಎಂ. ಟಿ. ವಾಸುದೇವನ್ ನಾಯರ್ ಅವರ 'ಮಞ್ಞ್' ಎಂಬ 1964ರ ಕಾದಂಬರಿಯನ್ನು ಹಳದಿಗೆಂದು ತಂದಳು. ಮಲೆಯಾಳದಲ್ಲಿ ಹಳದಿಗೆ ಮಞ್ಞ, ಮಂಜಿಗೆ ಮಞ್ಞ್. ಕೊನೆಯ ಸ್ವರ ಇದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

"ಮಾಷ್ಟ್ರೇ, ತುಳುವಿನಲ್ಲಿ ಮಂಜಳ್ ಅಂದರೆ ಹಳದಿಯೇ ಅಲ್ವಾ?" ಎಂದಳು.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲೆಯಾಳ ಮಾತನಾಡುವ ಹುಡುಗಿಯ ಈ ತಪ್ಪಿಗೆ ಅಂಕ ಕಳೆಯಲು ನನಗೆ ಮನಸ್ಸಾಗಲಿಲ್ಲ. ನೈನಿತಾಲಿನ ಮಂಜಿನಲ್ಲಿ ಯಾರಿಗಾಗಿಯೋ ಕಾಯುವ ಹೆಣ್ಣೊಬ್ಬಳ ಆ ಕಥೆಯನ್ನು ಓದಿ ನೋಡು ಎಂದು ಅವಳ ಕೈಗೇ ಕೊಟ್ಟೆ. ಹಳದಿಯ ಜಾಗ ಖಾಲಿ ಉಳಿಯಿತು.

ಕೊನೆಗೆ ನೀಲಿ. 1969ರಲ್ಲಿ ಬರ್ಲಿನ್ ಮತ್ತು ಕೇ ಎಂಬ ಇಬ್ಬರು ವಿದ್ವಾಂಸರು 98 ಭಾಷೆಗಳ ಬಣ್ಣದ ಪದಗಳನ್ನು ಹೋಲಿಸಿ, ಭಾಷೆಗಳಿಗೆ ಮೊದಲು ಕಪ್ಪುಬಿಳುಪು, ಆಮೇಲೆ ಕೆಂಪು, ಆಮೇಲೆ ಹಸುರು ಹಳದಿಗಳು, ಅವುಗಳ ನಂತರವೇ ನೀಲಿ ಸಿಗುತ್ತದೆ ಎಂದು ವಾದಿಸಿದರು. ಅದನ್ನು ಪ್ರಶ್ನಿಸಿದವರು ಅನೇಕರು. ನನ್ನ ಅಡ್ಡಹಲಗೆ ಮಾತ್ರ ಅವರನ್ನು ಓದಿಕೊಂಡಿದ್ದಂತೆ ನಡೆದುಕೊಂಡಿತು. ಕನ್ನಡದ ಕರಿ, ಬಿಳಿ, ಕೆಂಪು, ಹಸುರುಗಳು ಮನೆಯ ಪದಗಳು. ನೀಲಿ ಸಂಸ್ಕೃತದಿಂದ ತಂದದ್ದು. ಪಡುವಣಕ್ಕೆ ಇಷ್ಟು ದೊಡ್ಡ ಕಡಲನ್ನು ಇಟ್ಟುಕೊಂಡೂ ನಾವು ಅದಕ್ಕೊಂದು ಸ್ವಂತದ ಪದ ಮಾಡಿಕೊಳ್ಳಲಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಕುಂಬಳೆಯ ಕಡಪ್ಪುರದಲ್ಲಿ, ಕಡಲ ದಡದಲ್ಲಿ, ನಿಂತರೆ ಕಾರಣ ಅರ್ಥವಾಗುತ್ತದೆ, ಆಗ ಕಡಲು ಕಪ್ಪೇ.

ನೀಲಿಗೆ ನನಗೆ ಸಿಕ್ಕದ್ದು ಒಂದೇ ಪುಸ್ತಕ, ಲಂಕೇಶರ 'ನೀಲು ಕಾವ್ಯ'. ತಮ್ಮ ಪತ್ರಿಕೆಯಲ್ಲಿ ನೀಲು ಎಂಬ ಹೆಣ್ಣಿನ ಹೆಸರಿನಲ್ಲಿ ಅವರು ವಾರವಾರವೂ ಬರೆದ ಕಿರುಪದ್ಯಗಳವು. ಮೂರು ನಾಲ್ಕು ಸಾಲುಗಳಲ್ಲಿ ಗೇಲಿ, ಆಸೆ, ಒಂದಿಷ್ಟು ವಿಷಾದ. ನೀಲು ಯಾರೆಂದು ಓದುಗರು ಊಹಿಸುತ್ತಿದ್ದ ಕಾಲ ನನಗೆ ನೆನಪಿದೆ. ನೀಲಿಯ ಮೈಯಿಲ್ಲದ ಗುಣವೆಲ್ಲ ಆ ಹೆಸರಿಗಿತ್ತು: ಎಲ್ಲರೂ ಬಲ್ಲರು, ಯಾರೂ ಕಂಡಿಲ್ಲ.

ಜೂನ್ 19ರ ಬೆಳಿಗ್ಗೆ ಮಳೆ ಬಿಡದೆ ಸುರಿಯುತ್ತಿತ್ತು. ಕಂದುಗೆಂಪು ರಟ್ಟಿನ ಪುಸ್ತಕಗಳು ಹಸುರು, ಕೆಂಪು, ಕಪ್ಪು, ಬಿಳಿ ಎಂಬ ಚೀಟಿಗಳ ಕೆಳಗೆ ಸಾಲಾಗಿ ನಿಂತಿದ್ದವು. ನೀಲಿಯ ಚೀಟಿಯ ಕೆಳಗಿನ ತೆಳ್ಳನೆಯ ಪುಸ್ತಕ ಮಾತ್ರ, ಅಕ್ಕಪಕ್ಕದಲ್ಲಿ ಯಾರೂ ಇಲ್ಲದೆ, ನಿಲ್ಲಿಸಿದಷ್ಟು ಬಾರಿಯೂ ವಾಲಿ ಬೀಳುತ್ತಿತ್ತು. ಮೂರನೆಯ ಬಾರಿ ಬಿದ್ದಾಗ ಮೇಜಿನ ಮೇಲೆ ಬದಿಗಿಟ್ಟಿದ್ದ 'ಚಿರಸ್ಮರಣೆ'ಯನ್ನು ತೆಗೆದು ಅದಕ್ಕೆ ಆನಿಸಿ ನಿಲ್ಲಿಸಿದೆ. 'ಗಿಳಿವಿಂಡಿ'ನ ಪರವಾಗಿ ವಾದಿಸಿದವರು ಅದನ್ನು ನೋಡಿದರು, ನನ್ನನ್ನೂ ನೋಡಿದರು, ಏನೂ ಹೇಳದೆ ಕೊಡೆ ಮಡಚಿ ಮೂಲೆಯಲ್ಲಿಟ್ಟರು.